ಪನಾಮಾದ ಮನೆತನ

ನಮ್ಮ ಸೋದರಮಾವನಿಗೆ ಪನಾಮಾ ದೇಶದ ಬಗ್ಗೆ ಇದ್ದಷ್ಟು ಕಾಳಜಿ ಆ ದೇಶದ ಅಧ್ಯಕ್ಷರಿಗಾದರೂ ಇತ್ತೋ ಇಲ್ಲವೋ, ನನಗೆ ಈಗಲೂ ಅನುಮಾನ! ಅಲ್ಲಿ ಮಳೆಗಾಲ ಜೋರಾದರೆ ಇವನು ಕಾರವಾರದ ಹತ್ತಿರದ ಕಿನ್ನರ ಊರಿನ ತನ್ನ ಮನೆಯ ಜಗುಲಿಯಲ್ಲಿ ಚಡಪಡಿಸುತ್ತಿದ್ದ.

ಹಾಗಂತ ದೇಶ ಸುತ್ತಿದವನೇನಲ್ಲ. ಕೈಗಾ ಅಣುಸ್ಥಾವರದಲ್ಲಿ ಉಗ್ರಾಣದ ನೌಕರಿ, ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು. ಗೋವಾದಿಂದಾಚೆ ಕಾಲಿಟ್ಟಿದ್ದಿಲ್ಲ. ದೋಣಿಯಲ್ಲಿ ಕಾಳಿ ನದಿ ದಾಟುವಾಗಲೂ ಕಣ್ಣು ಮುಚ್ಚಿ ಕೂರುವ ಪ್ರಾಣಿ! ಇಂಥವನಿಗೆ ಪನಾಮಾ ಎಲ್ಲಿಂದ ಗಂಟುಬಿತ್ತು ಅಂತೀರಾ? ಮಗಳ ಮದುವೆ ಮಾತುಕತೆಯಿಂದ.

ಕಾರವಾರದ ಸೈಬರ್ ಕೆಫೆಗಳಲ್ಲಿ ಕುರ್ಚಿ ಸಿಗದಿದ್ದ ಕಾಲ ಅದು. ಹುಡುಗ ಅಂಕೋಲೆಯವನು, ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ, ರಜೆಯ ಮೇಲೆ ಊರಿಗೆ ಬಂದಿದ್ದ. ಮಾಮಾನ ಒಬ್ಬಳೇ ಮಗಳು ನೋಡಿ ಒಪ್ಪಿದ್ದಳು. ಒಪ್ಪಿದ್ದಳು ಅಂದರೆ, ಫೋನು ಬಡಿದುಕೊಂಡಾಗಲೆಲ್ಲ ಒಲೆಯ ಮೇಲಿನ ಹಾಲು ಉಕ್ಕಲು ಬಿಟ್ಟು ಓಡಿಬರುವಷ್ಟು ಒಪ್ಪಿದ್ದಳು! ಇನ್ನುಳಿದದ್ದು ಮಾಮಾನ ಒಂದು ಹೂಂ.

ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಮನೆತನ ವಿಚಾರಿಸಬೇಕು. ಯಾರ ಪೈಕಿ, ಬೇಸಾಯ ಎಷ್ಟು, ನೆರೆಯವರ ಕೂಡೆ ಹೇಗಿದ್ದಾರೆ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಎಲ್ಲವನ್ನೂ ಕೇಳಿಯೇ ಕೊಡುವುದು. ಅಂಕೋಲೆಯ ವಿಚಾರಣೆ ಒಂದು ಚಹಾ ಆರುವುದರೊಳಗೆ ಮುಗಿಯಿತು. ತಂದೆ ಇಲ್ಲ, ತಾಯಿ ಗಟ್ಟಿಗಿತ್ತಿ, ಗದ್ದೆ ಇದೆ, ಜಗಳವಿಲ್ಲ. ಎಲ್ಲ ಸುಸೂತ್ರ ಅನ್ನುವಾಗ ಅವರು ಕಳಿಸಿದ ಹಡಗಿನ ಫೋಟೊ ಮಾಮಾನ ಕೈಗೆ ಬಂತು. ಹಡಗಿನ ಹಿಂಬದಿಯಲ್ಲಿ, ಅದರ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು: ಪನಾಮಾ.

ಮಾಮಾ ಕನ್ನಡಕ ಏರಿಸಿದ. "ವರ್ಷದ ಮುಕ್ಕಾಲು ಪಾಲು ಹುಡ್ಗ ಇರೂದು ಈ ಮನೇಲಿ. ಬರೀ ಅಂಕೋಲೆ ವಿಚಾರ್ಸಿ ಎಂತ ಬಂತು? ಪನಾಮಾ ವಿಚಾರ್ಸಬೇಕು!"

ಮಾರನೆಯ ದಿನವೇ ಕಾರವಾರದ ಹಬ್ಬುವಾಡದಲ್ಲಿದ್ದ ನಮ್ಮ ಮನೆಗೆ ಬಂದು ನನ್ನನ್ನು ಸೈಬರ್ ಕೆಫೆಗೆ ಎಳೆದುಕೊಂಡು ಹೋದ. ಮೌಸನ್ನು ಮುಟ್ಟಲಿಲ್ಲ, ಹಿಂದೆ ನಿಂತು ಅಪ್ಪಣೆ ಕೊಟ್ಟ.

"ಸೈನ್ಯ ಎಷ್ಟದೆ ನೋಡು."

"ಸೈನ್ಯವೇ ಇಲ್ಲ ಮಾಮಾ. ತೆಗೆದುಹಾಕಿದ್ದಾರಂತೆ."

"ತೆಗ್ದು ಹಾಕೂದಾ! ಕಾವಲಿಗೆ ಒಂದು ನಾಯೀನೂ ಇಟ್ಕಂಡಿಲ್ವೇನೋ ಆ ಜನ? ದುಡ್ಡು ಯಾವ್ದು?"

"ಹೆಸರಿಗೆ ಬಾಲ್ಬೊವಾ. ಆದರೆ ನೋಟು ಅಮೆರಿಕದ್ದೇ."

"ಶಿವ ಶಿವಾ, ಸ್ವಂತ ನೋಟೂ ಇಲ್ಲ!"

ಪಕ್ಕದ ಕುರ್ಚಿಯ ಹುಡುಗರು ತಮ್ಮ ಆಟ ನಿಲ್ಲಿಸಿ ನಮ್ಮ ಕಡೆ ತಿರುಗಿದರು. ಸಂಬಂಧ ಮುರಿದೇಬಿತ್ತು ಅಂದುಕೊಂಡು ನಾನು ಅವಸರದಲ್ಲಿ ಒಳ್ಳೆಯ ಗುಣಗಳನ್ನು ಹುಡುಕಿದೆ. ಬಾಳೆಹಣ್ಣು, ಸಿಗಡಿ ಹೊರದೇಶಕ್ಕೆ ಕಳಿಸುತ್ತಾರೆ, ಹಡಗು ದಾಟಿಸುವ ಕಾಲುವೆಯಿಂದ ಒಳ್ಳೆಯ ಆದಾಯವಿದೆ ಅಂದೆ. "ಅಡ್ಡಿಲ್ಲ," ಅಂದ ಮಾಮಾ, "ಸಿಗಡಿ ಇದ್ದ ಊರಲ್ಲಿ ಯಾರೂ ಉಪಾಸ ಬೀಳೂದಿಲ್ಲ." ಸ್ಪೇನಿನವರು, ಆಫ್ರಿಕಾ ಮೂಲದವರು, ಕಾಡಿನ ಮೂಲನಿವಾಸಿಗಳು, ಚೀನಾದವರು, ಗುಜರಾತಿನಿಂದ ಹೋದವರು ಎಲ್ಲ ಸೇರಿದ ಜನ ಅಂದದ್ದಕ್ಕೆ, "ಹಾಂಗಾರೆ ನಮ್ಮ ಕಾರವಾರದ ಹಾಂಗೇ," ಅಂತ ಸಮಾಧಾನಪಟ್ಟ. ಎರಡೂ ಬದಿಗೆ ಸಮುದ್ರ ಎಂದಾಗ ಮಾತ್ರ ಮುಖ ಸಣ್ಣದಾಯಿತು. ಒಂದು ಸಮುದ್ರ ನೋಡಿಯೇ ಹೆದರುವವನಿಗೆ ಎರಡು ಯಾಕೆ ಬೇಕು ಹೇಳಿ!

ಅಲ್ಲಿಂದ ಮುಂದೆ ಕೈಗಾ ಬಸ್ಸಿನಲ್ಲಿ ದಿನವೂ ಪನಾಮಾದ ಪುರಾಣ. ಬಸ್ಸು ಕದ್ರಾ ಅಣೆಕಟ್ಟಿನ ಹತ್ತಿರ ಬಂದರೆ ಸಾಕು, ಮಾಮಾ ಎದ್ದು ನಿಲ್ಲುತ್ತಿದ್ದ. "ಅಲ್ಲೂ ಹಿಂಗೇ ಅಣೆಕಟ್ಟು. ಆ ನೀರು ಕಾಲುವೆಗೆ ಬಿಟ್ಟು ಹಡಗನ್ನ ಗುಡ್ಡ ಹತ್ತಿಸ್ತಾರೆ!"

"ಇಳ್ಸೂಕೆ?" ಹಿಂದಿನ ಸೀಟಿನವರ ಪ್ರಶ್ನೆ.

"ಇಳ್ಸೂಕೂ ನೀರೇ!"

"ನಮ್ಮ ಬಸ್ಸಿಗೂ ಅದನ್ನೇ ಹಾಕಿ ನೋಡ್ವ ಮಾರಾಯ್ರೆ, ಡೀಸೆಲ್‌ನಲ್ಲಂತೂ ಹತ್ತೂದಿಲ್ಲ!"

ಬಸ್ಸಿಗೆ ಬಸ್ಸೇ ನಕ್ಕರೂ ಮಾಮಾ ಜಗ್ಗಲಿಲ್ಲ. ಅಲ್ಲಿ ಒಮ್ಮೆ ಅಧ್ಯಕ್ಷರಾದವರು ಮತ್ತೆ ನಿಲ್ಲಬೇಕಾದರೆ ಎರಡು ಅವಧಿ ಮನೆಯಲ್ಲಿ ಕೂರಬೇಕು ಎಂಬ ಕಾನೂನು ಅವನಿಗೆ ಬಹಳ ಹಿಡಿಸಿತ್ತು. ನಮ್ಮವರಿಗೂ ಅದೇ ಆಗಬೇಕು ಎಂದು ಅಣೆಕಟ್ಟು ದಾಟುವವರೆಗೂ ಭಾಷಣ ಮಾಡಿದ.

ಇತ್ತ ಮನೆಯಲ್ಲಿ ಹುಡುಗಿ ಊಟ ಬಿಟ್ಟಳು. ಅತ್ತೆಗೆ ಸಹನೆ ಕೆಟ್ಟಿತು. "ಹುಡ್ಗನ ರಜೆ ಮುಗೀತಾ ಬಂತು. ಹೌದನ್ನಿ, ಇಲ್ಲಾ ಅಲ್ಲ ಅನ್ನಿ! ಅವ್ಳು ಸಂಸಾರ ಮಾಡೂದು ಅಂಕೋಲೇಲಿ, ನಿಮ್ಮ ಪನಾಮಾದಾಗಲ್ಲ!"

"ಇನ್ನೂ ವಿಚಾರಣೆ ಮುಗೀಲಿಲ್ಲ," ಎಂದು ಮಾಮಾ ಜಗುಲಿಗೆ ಎದ್ದುಹೋದ.

ಕೊನೆಗೆ ಹುಡುಗ, ಅವನ ತಾಯಿ ಇಬ್ಬರೂ ಕಿನ್ನರಕ್ಕೇ ಬಂದರು. ನಾನೂ ಇದ್ದೆ. ಚಹಾ ಬರುವ ಮೊದಲೇ ಮಾಮಾ ಶುರುಮಾಡಿದ. "ತಮಾ, ಪನಾಮಾದ ಸರಕಾರ ಹೇಂಗೆ? ನಿಮ್ಮನ್ನ ಚೆಂದ ನೋಡ್ಕಂತಾರಾ?"

ಹುಡುಗ ಕಣ್ಣು ಕಣ್ಣು ಬಿಟ್ಟ. "ಪನಾಮಾಕ್ಕೆ ನಾ ಹೋಗೇ ಇಲ್ಲ ಮಾಮಾ."

"ಹಡಗು ಅವ್ರದ್ದಲ್ವನಾ?"

"ಹಡಗಿನ ಮಾಲಕರು ಬೇರೆ ದೇಶದವ್ರು. ಹೆಸ್ರು ನೋಂದಾಯಿಸೂದು, ಬಾವುಟ ಹಚ್ಚೂದು ಅಷ್ಟೇ ಪನಾಮಾದ್ದು. ಖರ್ಚು ಕಮ್ಮಿ ಅಂತ ಸುಮಾರು ಹಡಗಿನವ್ರು ಹಾಂಗೇ ಮಾಡ್ತಾರೆ. ನಮ್ಮ ಹಡಗು ಆ ಕಡೆ ಹೋದದ್ದೇ ಇಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ದಿನ ವಿಚಾರಿಸಿದ ಮನೆತನ ಬರೀ ಬಾವುಟದ್ದು! ಆದರೆ ಮಾಮಾನ ಮುಖ ನೋಡಿದೆ ನೋಡಿ, ನಗು ಅಲ್ಲೇ ನಿಂತುಹೋಯಿತು. ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ.

"ಹಾಂಗಾರೆ," ಎಂದ ತಗ್ಗಿದ ದನಿಯಲ್ಲಿ, "ಸಮುದ್ರದಲ್ಲಿ ನಿಂಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ನನ್ನ ಮಗ್ಳ ಕೈ ಹಿಡ್ಕಂಡು ನಾ ಯಾರ ಬಾಗ್ಲಿಗೆ ಹೋಗಿ ಕೇಳ್ಲೋ? ಅದೊಂದು ಗೊತ್ತಾಗ್ಲಿ ಅಂತ ಇಷ್ಟೆಲ್ಲ ವಿಚಾರ್ಸಿದ್ದು."

ಹುಡುಗ ತಲೆ ತಗ್ಗಿಸಿದ. ಬಾಗಿಲ ಸಂದಿನಲ್ಲಿ ನಿಂತ ಹುಡುಗಿ ಸೆರಗು ಬಾಯಿಗೊತ್ತಿಕೊಂಡಳು. ಆಗ ಹುಡುಗನ ತಾಯಿ ಮಾತಾಡಿದಳು.

"ನನ್ನ ಬಾಗ್ಲಿಗೆ ಬನ್ನಿ ಅಣ್ಣಾ. ಅವ ಹಡಗಿಗೆ ಹೋದಂದಿನಿಂದ ತಿರುಗಿ ಬರೂವರಿಗೆ ಆ ಬಾಗ್ಲಿಗೆ ನಾ ಚಿಲ್ಕ ಹಾಕೂದಿಲ್ಲ."

ಮಾಮಾ ಅವಳ ಮುಖವನ್ನೇ ನೋಡಿದ. ಆಮೇಲೆ ಒಳಗೆ ತಿರುಗಿ, ಎಲ್ಲರ ಬಾಯಿ ಸಿಹಿ ಮಾಡಲು ಸಕ್ಕರೆ ತಾ ಎಂದು ಅತ್ತೆಗೆ ಕೈ ಸನ್ನೆ ಮಾಡಿದ.