ನೆಲಸಂಪಿಗೆಗೆ ಟ್ರಯಲ್

"ಈ ಕಿಟಕಿಯ ಹೊರಗೆ ನಾನು ಹೂವು ಅರಳಿಸದೆ ಹೋದರೆ ಕತ್ತರಿ ಹಿಡಿಯೋದನ್ನೇ ಬಿಟ್ಟೆ ಅಂತ ತಿಳ್ಕೊಳ್ಳಿ!"

ಟೈಲರಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನನ್ನು ತೆಗೆದು, ಖಡ್ಗ ಹಿರಿದವಳಂತೆ ಗಂಡನ ಕಡೆ ತೋರಿಸಿ ಈ ಪ್ರತಿಜ್ಞೆ ಮಾಡಿದಳು. ಗಂಡ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಜೀವಮಾನವಿಡೀ ಬಾಗಿಲಲ್ಲಿ ಜಗಳ ನೋಡಿದವರಿಗೆ ಒಂದು ಗುಂಡುಪಿನ್ನು ಯಾವ ಲೆಕ್ಕ! ತಣ್ಣಗೆ ಕಾಫಿ ಹೀರಿದರು.

ಕಿಟಕಿ ಎಂದರೆ ಹೊಲಿಗೆ ಯಂತ್ರದ ಎದುರಿನ ಕಿಟಕಿ. ಅದರಾಚೆ, ಮನೆಗೂ ಪಕ್ಕದ ಕಟ್ಟಡದ ಎತ್ತರದ ಗೋಡೆಗೂ ನಡುವೆ, ರಾಕ್ಷಸನ ಪೈಜಾಮದ ಒಂದು ಕಾಲಿಗೆ ಸಾಕಾಗುವಂಥ ಉದ್ದನೆಯ ಪಟ್ಟಿ ಜಾಗ. ಸೂರ್ಯ ಅಲ್ಲಿಗೆ ಬರುವುದು ಬೇಡದ ನೆಂಟನ ಮನೆಗೆ ಬಂದಂತೆ; ಮುಖ ತೋರಿಸಿ ಹೋಗಿಬಿಡುತ್ತಾನೆ. ಟೈಲರಮ್ಮ ಅಲ್ಲಿ ಗುಲಾಬಿ ನೆಟ್ಟಳು, ಸೊರಗಿ ಸತ್ತಿತು. ದಾಸವಾಳ ನೆಟ್ಟಳು, ಅದು ಬಿಸಿಲು ಹುಡುಕಿಕೊಂಡು ಪಕ್ಕದವರ ಕಾಂಪೌಂಡಿನೊಳಗೆ ತಲೆ ಹಾಕಿ, ಹೂವನ್ನೆಲ್ಲ ಅವರಿಗೇ ಕೊಟ್ಟಿತು. ಮದುವೆಯಾಗಿ ಬಂದಾಗಿನಿಂದ ಅವಳು ಬಟ್ಟೆಯಿಂದ ತಲೆ ಎತ್ತಿದರೆ ಕಾಣುತ್ತಿದ್ದುದು ಪಾಚಿ ಹಿಡಿದ ಗೋಡೆಯೊಂದೇ. ಊರವರಿಗೆಲ್ಲ ಹೂವಿನ ಬಟ್ಟೆ ಹೊಲಿದವಳ ಕಣ್ಣಿಗೆ ಒಂದು ನಿಜವಾದ ಹೂವಿಲ್ಲ!

ಈಗ ಆ ಜಾಗದ ಮೇಲೆ ಕಂಡಕ್ಟರ ಕಣ್ಣು ಬಿದ್ದಿತ್ತು.

"ಖಾಲಿ ಬಿದ್ದಿದೆ ಕಣೇ. ಸಿಮೆಂಟ್ ಹಾಕಿಸಿ ಸ್ಕೂಟರ್ ನಿಲ್ಲಿಸ್ತೀನಿ. ಬೀದೀಲಿ ನಿಂತು ನಿಂತು ತುಕ್ಕು ಹಿಡೀತಿದೆ."

"ಅಲ್ರೀ, ಇಷ್ಟು ವರ್ಷ ಗೋಡೆ ನೋಡ್ಕೊಂಡು ಹೊಲಿದೆ. ಇನ್ಮೇಲೆ ನಿಮ್ಮ ಸ್ಕೂಟರಿನ ಹಿಂಭಾಗ ನೋಡ್ಕೊಂಡು ಹೊಲೀಬೇಕಾ?"

"ಗೋಡೆಗಿಂತ ವಾಸಿ. ಕೆಂಪು ದೀಪ ಇದೆ."

ಪ್ರತಿಜ್ಞೆ ಹುಟ್ಟಿದ್ದು ಆಗಲೇ. ಕೊನೆಗೆ ಒಪ್ಪಂದವಾಯಿತು. ಬರುವ ಮಳೆಗಾಲದ ಮೊದಲಲ್ಲಿ ಅಲ್ಲಿ ಒಂದೇ ಒಂದು ಹೂವು ಕಂಡರೂ ಜಾಗ ಟೈಲರಮ್ಮನದು. ಇಲ್ಲದಿದ್ದರೆ ಮೇಸ್ತ್ರಿ ಬಂದು ಸಿಮೆಂಟ್ ಸುರಿಯುತ್ತಾನೆ, ಅವಳು ತುಟಿ ಪಿಟಕ್ಕೆನ್ನುವಂತಿಲ್ಲ.

ಸುದ್ದಿ ತಿಳಿದು ಅವಳ ಅಕ್ಕ ಬಂದಳು. ಅಕ್ಕನ ಮನೆ ಕಾಡಿನ ಅಂಚಿನಲ್ಲಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಗೆಡ್ಡೆಗಳನ್ನು, ಬಾಣಂತಿ ಮನೆಯಿಂದ ಮಗುವನ್ನು ದಾಟಿಸುವಷ್ಟು ಹುಷಾರಾಗಿ ತಂಗಿಯ ಮಡಿಲಿಗಿಟ್ಟಳು. ಒಂದೊಂದರ ತಲೆಯ ಮೇಲೂ ಹಸಿರು ಗೆರೆಯ ಎಲೆ, ಎಲೆಯ ಬೆನ್ನು ನೇರಳೆ.

"ನೆಲಸಂಪಿಗೆ ಕಣೇ. ನಮ್ಮ ಕಾಡಲ್ಲಿ ದೊಡ್ಡ ಮರದ ಬುಡದಲ್ಲಿ ತಾನಾಗಿ ಬೆಳೆಯುತ್ತೆ. ನೆರಳು ಅಂದ್ರೆ ಇದಕ್ಕೆ ತವರುಮನೆ. ಇನ್ನು ಸ್ವಲ್ಪ ದಿನಕ್ಕೆ ಎಲೆಯೆಲ್ಲ ಒಣಗಿ ಹೋಗುತ್ತೆ, ಗಾಬರಿಯಾಗಬೇಡ. ಬೇಸಿಗೆಯಲ್ಲಿ ನೆಲದೊಳಗೆ ನಿದ್ದೆ. ಮೊದಲ ಮಳೆಗೆ ಬರೀ ಮಣ್ಣಿಂದ ಹೂವೇ ಎದ್ದು ಬರುತ್ತೆ, ಎಲೆ ಆಮೇಲೆ."

"ನಾನೇನು ಮಾಡಬೇಕು ಹೇಳಕ್ಕ. ಏನು ಬೇಕಾದ್ರೂ ಮಾಡ್ತೀನಿ!"

"ನೆಟ್ಟು ಮರೆತುಬಿಡು."

"ಅಷ್ಟೇನಾ?"

"ಅಷ್ಟೇ. ಆದರೆ ನಿನ್ನ ಕೈಲಿ ಆಗದೆ ಇರೋದೂ ಅದೊಂದೇ."

ಟೈಲರಮ್ಮನಿಗೆ ರೋಷ ಬಂತು. ಅಳತೆ ಪಟ್ಟಿ ಹಿಡಿದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೋಡೆಯ ಮೇಲೆ ಗೀಟು ಎಳೆದು, ಅಂಗಿಗೆ ಗುಂಡಿ ಹೊಲಿಯುವಷ್ಟು ಸಮ ಅಂತರದಲ್ಲಿ ಗೆಡ್ಡೆಗಳನ್ನು ನೆಟ್ಟಳು. ಕೊನೆಯದೊಂದು ಮೂಲೆಗೆ ಬಂತು.

ಚಳಿ ಕಳೆಯಿತು. ಅಕ್ಕ ಹೇಳಿದಂತೆಯೇ ಎಲೆ ಹಳದಿಯಾಯಿತು, ಬಾಗಿತು, ಮಣ್ಣಿಗೆ ಅಂಟಿತು, ಮಾಯವಾಯಿತು! ಬರೀ ನೆಲ! ಟೈಲರಮ್ಮನ ಎದೆಯಲ್ಲಿ ಯಂತ್ರ ಓಡತೊಡಗಿತು.

ಇಲ್ಲಿ ಅವಳ ಕಸುಬಿನ ಒಂದು ಗುಣ ಹೇಳಬೇಕು. ಟ್ರಯಲ್ ನೋಡದೆ ಅವಳು ಯಾವ ಬಟ್ಟೆಯನ್ನೂ ಕೊಟ್ಟವಳಲ್ಲ. ಕಚ್ಚಾ ಹೊಲಿಗೆ ಹಾಕುವುದು, ಗಿರಾಕಿಗೆ ತೊಡಿಸಿ ನೋಡುವುದು, ಸರಿಯಿಲ್ಲದಿದ್ದರೆ ಬಿಚ್ಚುವುದು, ಮತ್ತೆ ಹೊಲಿಯುವುದು. ಕಣ್ಣಿಗೆ ಕಾಣದ್ದನ್ನು ನಂಬು ಎಂದರೆ ಅವಳ ಬೆರಳು ಒಪ್ಪುವುದಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಸುತ್ತಮುತ್ತ ನೋಡಿ, ಮೊದಲ ಗೆಡ್ಡೆಯನ್ನು ಮೆಲ್ಲಗೆ ಬಿಚ್ಚಿದಳು. ಅಂದರೆ ಅಗೆದಳು. ಗೆಡ್ಡೆ ಗಟ್ಟಿಯಾಗಿತ್ತು. ಮುಚ್ಚಿದಳು.

ಮರುವಾರ ಮತ್ತೆ ಅನುಮಾನ. ಮತ್ತೆ ಟ್ರಯಲ್. ಈ ಸಲ ಬೇರು ಕಿತ್ತುಬಂತು. ಆ ಜಾಗ ಹೊಂದಲಿಲ್ಲವೇನೋ ಎಂದು ಪಕ್ಕಕ್ಕೆ ಸರಿಸಿ ನೆಟ್ಟಳು. ಒಂದನ್ನು ಸರಿಸಿದ ಮೇಲೆ ಸಾಲು ಸೊಟ್ಟಗಾಯಿತಲ್ಲ! ಉಳಿದವನ್ನೂ ಕಿತ್ತು ಸಾಲು ಸರಿಮಾಡಿದಳು. ಬೇಸಿಗೆಗೆ ಬಾಯಾರಿಕೆಯಾದೀತೆಂದು ಕೊಡಗಟ್ಟಲೆ ನೀರು ಹೊಯ್ದಳು. ಶಕ್ತಿ ಬರಲೆಂದು ಚಹದ ಚರಟ, ಅಕ್ಕಿ ತೊಳೆದ ನೀರು, ಗೊಬ್ಬರದ ಅಂಗಡಿಯವನು ಕೊಟ್ಟ ಬೂದು ಪುಡಿ, ಎಲ್ಲ ಉಣ್ಣಿಸಿದಳು.

ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದ ಕಂಡಕ್ಟರು ಒಂದು ದಿನ ಸ್ಕೂಟರನ್ನು ತಳ್ಳಿಕೊಂಡು ಬಂದು, ಮೂಲೆಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿಬಿಟ್ಟರು.

"ರೀ! ಅಲ್ಲೊಂದು ಗಿಡ ಇದೆ!"

"ಎಲ್ಲಿ? ನನಗೆ ಮಣ್ಣು ಕಾಣ್ತಿದೆ."

"ಮಲಗಿದೆ ರೀ!"

"ಮಲಗಲಿ. ಇದೂ ಮಲಗುತ್ತೆ. ಇಂಜಿನ್ ಕೆಟ್ಟಿದೆ, ಮೆಕ್ಯಾನಿಕ್ ಬರೋವರೆಗೆ ಇಲ್ಲೇ."

"ಇದು ಟವೆಲ್ ಹಾಕಿ ಸೀಟು ಹಿಡಿಯೋ ಬುದ್ಧಿ!"

"ಖಾಲಿ ಸೀಟಿಗೆ ಟವೆಲ್ ಹಾಕಿದವರನ್ನ ನಾನು ಯಾವತ್ತೂ ಎಬ್ಬಿಸಿದವನಲ್ಲ," ಎಂದರು ಕಂಡಕ್ಟರು.

ಟೈಲರಮ್ಮ ಎಷ್ಟು ತಳ್ಳಿದರೂ ಸ್ಕೂಟರ್ ಅಲುಗಲಿಲ್ಲ. ಅದರ ಹೊಟ್ಟೆಯ ಕೆಳಗೆ ಕೈ ತೂರಿಸಿ ಅಗೆಯಲು ನೋಡಿದಳು, ಮೊಣಕೈ ಸಿಕ್ಕಿಕೊಂಡು ಕಿರುಚಿದಳು. ಕಂಡಕ್ಟರೇ ಬಂದು ಬಿಡಿಸಬೇಕಾಯಿತು. ಆ ಗೆಡ್ಡೆಯ ಆಸೆ ಬಿಟ್ಟು, ಉಳಿದವುಗಳಿಗೆ ಎರಡು ಪಾಲು ಆರೈಕೆ ಮಾಡಿದಳು!

ಅಷ್ಟರಲ್ಲಿ ಹಲ್ಲಿನ ಡಾಕ್ಟರಮ್ಮ ಬಿಳಿ ಕೋಟು ಹೊಲಿಸಲು ಬಂದರು. ಟೈಲರಮ್ಮ ಗುಂಡಿಯ ಆಳ ಅಳೆಯುತ್ತಿದ್ದವಳು ಹಾಗೆಯೇ ಎದ್ದುಬಂದು, ಅದೇ ಪಟ್ಟಿಯನ್ನು ಅವರ ಸೊಂಟಕ್ಕೆ ಸುತ್ತಿದಳು. ತೊಟ್ಟಿದ್ದ ಬಿಳಿ ಕೋಟಿನ ಮೇಲೆ ಕೆಸರಿನ ಸೊಂಟಪಟ್ಟಿ!

"ಏನಮ್ಮಾ, ನನಗೆ ಕೋಟು ಹೊಲಿಯೋಕೆ ಅಳೀತಿದ್ದೀರೋ, ನೆಡೋಕೆ ಅಳೀತಿದ್ದೀರೋ?"

ಟೈಲರಮ್ಮ ನಾಚಿಕೊಂಡು ವಿಷಯ ಹೇಳಿದಳು. ಡಾಕ್ಟರಮ್ಮ ಕಿಟಕಿಯಲ್ಲಿ ಬಗ್ಗಿ ನೋಡಿದರು.

"ವಾರವಾರ ಕಿತ್ತು ನೋಡ್ತೀರಾ? ನಾನು ನಿಮ್ಮ ಹಲ್ಲನ್ನ ಹಾಗೆ ಕಿತ್ತು ನೋಡಿ ವಾಪಸ್ ಇಟ್ಟರೆ ಬೇರು ಹಿಡಿಯುತ್ತಾ?"

ಮಾತು ಎದೆಗೆ ನಾಟಿತು. ಆದರೆ ಛಲ ಕೇಳಬೇಕಲ್ಲ! ಅವರು ಅತ್ತ ಹೋಗುತ್ತಲೇ ಇವಳು ಕತ್ತರಿ ಹಿಡಿದು ಇತ್ತ ಓಡಿದಳು. ಒಂದು ಗೆಡ್ಡೆಯ ತುದಿ ಕತ್ತರಿಸಿ ನೋಡಿದರೆ ಜೀವ ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತದಲ್ಲ? ಗೊತ್ತಾಯಿತು. ಕತ್ತರಿಸುವವರೆಗೂ ಇತ್ತು.

ಮೋಡ ಕಟ್ಟಿತು. ಮೊದಲ ಮಳೆ ರಾತ್ರಿಯೆಲ್ಲ ಸುರಿಯಿತು. ಬೆಳಿಗ್ಗೆ ಟೈಲರಮ್ಮ ಸಾಲಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಕಾದಳು. ಮೊಗ್ಗಿಲ್ಲ. ಮತ್ತೆರಡು ಮಳೆ ಬಿತ್ತು. ಮೊಗ್ಗಿಲ್ಲ. ಕೊನೆಯ ಟ್ರಯಲ್ ನೋಡಿದಳು. ಗೆಡ್ಡೆಗಳೆಲ್ಲ ನೆನೆದ ಬಿಸ್ಕತ್ತಿನಂತೆ ಬೆರಳಿಗೆ ಮೆತ್ತಿಕೊಂಡವು. ಇಷ್ಟು ಜನರ ಬಟ್ಟೆ ಸರಿಮಾಡಿದ ಕೈಯಲ್ಲಿ ಕೊಳೆತ ಗೆಡ್ಡೆ ಹಿಡಿದು, ಅವಳು ಬಹಳ ಹೊತ್ತು ಗೋಡೆಯನ್ನೇ ನೋಡುತ್ತಾ ಕುಳಿತಳು. ಗೋಡೆ ಎಂದಿನಂತೆ ಪಾಚಿ ತೋರಿಸಿತು.

ಒಳಗೆ ಬಂದು ಕೈ ತೊಳೆದುಕೊಂಡು ಹೇಳಿದಳು: "ಮೇಸ್ತ್ರಿಗೆ ಹೇಳಿಬಿಡಿ ರೀ."

ಕಂಡಕ್ಟರು ಹೆಂಡತಿಯ ಮುಖ ನೋಡಿದರು. ಗೆದ್ದರೂ ಯಾಕೋ ಕಾಫಿ ರುಚಿಸಲಿಲ್ಲ. "ಇನ್ನೊಂದು ವಾರ ನೋಡೋಣ್ವೇನೇ?"

"ಬೇಡ. ಮಾತು ಅಂದ್ರೆ ಮಾತು."

ಮೇಸ್ತ್ರಿ ಸಿಮೆಂಟ್ ಮೂಟೆ, ಕರಣೆ ಹಿಡಿದು ಬಂದ ದಿನವೇ ಅಕ್ಕನೂ ಬಂದಿಳಿಯಬೇಕೇ! ಚೀಲ ಕೆಳಗಿಡದೆ ನೇರ ಕಿಟಕಿಯಾಚೆಯ ಜಾಗಕ್ಕೆ ನಡೆದಳು. "ಎಲ್ಲೇ ನನ್ನ ನೆಲಸಂಪಿಗೆ?"

ಟೈಲರಮ್ಮ ಸೆರಗಿನ ತುದಿ ತಿರುಚುತ್ತಾ ನಿಂತಳು. ಮೇಸ್ತ್ರಿ, "ಮೊದಲು ಈ ಗಾಡಿ ಈಚೆಗೆ ತಗೀರಿ ಸ್ವಾಮಿ," ಎಂದು ಹ್ಯಾಂಡಲ್ ಹಿಡಿದು ಬಗ್ಗಿದವನು ಹಾಗೆಯೇ ನಿಂತ. ಮೂಗು ಅರಳಿಸಿದ.

"ಅಮ್ಮಾ, ಪೆಟ್ರೋಲ್ ವಾಸನೆ ಬರ್ಬೇಕಾದ ಕಡೆ ಇದೇನು ಘಮ!"

ಎಲ್ಲರೂ ಬಗ್ಗಿದರು. ಸ್ಕೂಟರಿನ ಎರಡು ಚಕ್ರಗಳ ನಡುವೆ, ಒಂದೂ ಎಲೆಯಿಲ್ಲದ ಬರೀ ಮಣ್ಣಿನಲ್ಲಿ, ಯಾರೋ ನೆಲಕ್ಕೆ ಹೊಲಿದು ಹೋದ ಹಾಗೆ, ಬಿಳಿ ಎಸಳಿನ, ನೇರಳೆ ನಾಲಿಗೆಯ ಹೂವು. ಒಂದಲ್ಲ, ಮೂರು! ಪಕ್ಕದಲ್ಲಿ ಇನ್ನಷ್ಟು ಮೊಗ್ಗು ಮಣ್ಣು ಸೀಳುತ್ತಿತ್ತು.

ಟೈಲರಮ್ಮ ಎಗರಿ ಕುಣಿದಳು. "ಗೆದ್ದೆ! ನೋಡಿದ್ರಾ? ಜಾಗ ನಂದು!"

"ಬೆಳೆಸಿದ್ದು ನನ್ನ ಸ್ಕೂಟರ್. ಜಾಗ ಅದರದ್ದು," ಎಂದರು ಕಂಡಕ್ಟರು. ಆದರೆ ಮುಖದ ತುಂಬ ನಗು.

"ಗಾಡಿ ತಗೀಲಾ ಬೇಡ್ವಾ?" ಮೇಸ್ತ್ರಿ ಕೇಳಿದ.

"ಅದರ ತಂಟೆಗೆ ಹೋದರೆ ನೋಡು!" ಮೂವರೂ ಒಟ್ಟಿಗೆ ಅರಚಿದರು. ಮೇಸ್ತ್ರಿ ಸಿಮೆಂಟ್ ಮೂಟೆ ಹೊತ್ತುಕೊಂಡು, ಇವರಿಗೆಲ್ಲ ಏನೋ ಆಗಿದೆ ಎಂದು ಗೊಣಗುತ್ತಾ ಹೋದ. ಅಂದಿನಿಂದ ಕಂಡಕ್ಟರಿಗೆ ಓಡಾಟಕ್ಕೆಲ್ಲ ಬಸ್ಸೇ ಗತಿ, ಅದೂ ಟಿಕೆಟ್ ತೆಗೆದುಕೊಂಡು! ಟೈಲರಮ್ಮನ ಕಿಟಕಿಗೆ ಹೂವು ಸಿಕ್ಕಿತು, ಜೊತೆಗೆ ಬೇಡಬೇಡವೆಂದ ಕೆಂಪು ದೀಪವೂ.

ಅಕ್ಕ ಇನ್ನೂ ಮಣ್ಣು ಪರೀಕ್ಷಿಸುತ್ತಿದ್ದಳು. ಸಾಲಿನ ಕೆದಕಿದ ಗುಂಡಿಗಳನ್ನು ನೋಡಿದಳು, ಸ್ಕೂಟರಿನ ಕೆಳಗಿನ ಗಟ್ಟಿ ನೆಲವನ್ನು ನೋಡಿದಳು.  ಚೀಲದಿಂದ ಒದ್ದೆ ಬಟ್ಟೆಯ ಗಂಟೊಂದನ್ನು ತೆಗೆದಳು. ಹೊಸ ಗೆಡ್ಡೆಗಳು!

ಟೈಲರಮ್ಮ ಆಸೆಯಿಂದ ಎರಡೂ ಕೈ ಚಾಚಿದಳು. ಅಕ್ಕ ಆ ಕೈಗಳನ್ನು ದಾಟಿ ಮುಂದೆ ಹೋಗಿ, ಗಂಟನ್ನು ಸ್ಕೂಟರಿನ ಸೀಟಿನ ಮೇಲಿಟ್ಟು ಅದರ ಬೆನ್ನು ತಟ್ಟಿದಳು.

"ತಗೋಪ್ಪಾ, ಈ ಸಲ ಇವನ್ನ ನಿನಗೇ ಒಪ್ಪಿಸ್ತೀನಿ. ನಮ್ಮ ತಂಗಿಯ ಕೈಗುಣಕ್ಕಿಂತ ನಿನ್ನ ಚಕ್ರಗುಣವೇ ವಾಸಿ!"