ಬೀಗರೆದುರು ನಿಂತುಬಿಟ್ಟ ಮೋಟಾರು ಸಾಹೇಬರಿಗೆ

ಗಡಹಿಂಗ್ಲಜದ ನಮ್ಮ ವಖಾರಿಯ ತಗಡಿನ ಚಪ್ಪರದಡಿ ಬಿಜಯಂಗೈದಿರುವ, ಸಂಸ್ಥಾನದ ಕಾಲದ ವಿಲಾಯತಿ ಮೋಟಾರು ಸಾಹೇಬರ ನಾಲ್ಕೂ ಗಾಲಿಗಳಿಗೆ ಬೆಲ್ಲದ ವ್ಯಾಪಾರಿ ಭೀಮಗೊಂಡನ ಶರಣು ಶರಣಾರ್ಥಿ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ, ಏಕೆಂದರೆ ತಮ್ಮ ಕ್ಷೇಮಕ್ಕಾಗಿಯೇ ನಮ್ಮ ಮನೆಮಂದಿಯ ಕ್ಷೇಮವೆಲ್ಲ ಖರ್ಚಾಗಿದೆ. ಇಷ್ಟು ದಿನ ಬಾಯಿ ಮುಚ್ಚಿಕೊಂಡು ತಾಳಿದೆ. ಮಗಳ ಲಗ್ನದ ಮಾತಿಗೇ ತಾವು ಅಡ್ಡ ನಿಂತ ಮೇಲೆ ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳದೆ ಗತಿಯಿಲ್ಲವೆಂದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ, ಸಿಟ್ಟಾಗಬಾರದು.

ಮೊದಲು ತಮ್ಮ ರೋಗದ ಶಿಸ್ತನ್ನು ಹೊಗಳಬೇಕು. ಮನೆಯಿಂದ ಹೊರಡುವಾಗ ಗೂಳಿಯಂತೆ ಗುಟುರು ಹಾಕುತ್ತ ಓಡುವಿರಿ. ಏಳೆಂಟು ಮೈಲು ಆಯಿತೋ ಇಲ್ಲವೋ, ಕೆಮ್ಮಿ, ಬಿಕ್ಕಿ, ಹಾದಿಯ ನಡುವೆಯೇ ಸಮಾಧಿಗೆ ಹೋಗುವಿರಿ. ನೋಡಲು ಬಂದವರೆಲ್ಲ ಮೊದಲು ಪೆಟ್ರೋಲ್ ಟಾಕಿಯ ಮುಚ್ಚಳ ತಿರುವಿ ತೆಗೆದು, ಒಳಗೊಂದು ಕಡ್ಡಿ ಅದ್ದಿ, ಪೆಟ್ರೋಲು ಭಾಳ ಐತೆಂದು ತಲೆದೂಗಿ, ಆಮೇಲೆ ತಮತಮಗೆ ತಿಳಿದ ಮದ್ದು ಮಾಡುತ್ತಿದ್ದರು. ಕೊಲ್ಲಾಪುರದ ಮಿಸ್ತ್ರಿ ಆಬಾಸಾಹೇಬರು ಕಾರ್ಬ್ಯುರೇಟರ್ ಬಿಚ್ಚಿ ಊದಿದರು, ತಾವು ಎದ್ದಿರಿ. ಮುಂದಿನ ಸಲ ಪಂಪಿನ ಪರದೆ ಬದಲಿಸಿದರು, ಎದ್ದಿರಿ. ಬಿಸಿಲಿನ ಕಾವಿಗೆ ಪೆಟ್ರೋಲು ನಳಿಗೆಯಲ್ಲೇ ಆವಿಯಾಗುತ್ತದೆಂದು ನೇಸರಿಯ ಬಸ್ಸಿನ ಡ್ರಾಯವರನೊಬ್ಬ ಹಸಿಬಟ್ಟೆ ಸುತ್ತಿದ, ಎದ್ದಿರಿ. ಒಮ್ಮೆ ಯಾರೂ ಸಿಗದೆ ನಾನೇ ಮುಚ್ಚಳ ತೆಗೆದು, ಕಡ್ಡಿ ಅದ್ದಿ, ಏನೂ ತೋಚದೆ ಬಾಯಿಗೆ ಬಂದಂತೆ ಬೈದೆ, ಅದಕ್ಕೂ ಎದ್ದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರಿಗೆಲ್ಲ ವೈದ್ಯರೆಂಬ ಕೀರ್ತಿ ತಂದುಕೊಟ್ಟ ತಮ್ಮ ಔದಾರ್ಯ ದೊಡ್ಡದು.

ಇನ್ನು ಇಚಲಕರಂಜಿಯ ನೂಲಿನ ವ್ಯಾಪಾರಿ ಬಸವಣ್ಣೆಪ್ಪನವರ ವಿಷಯ. ಅವರ ಮಗನಿಗೆ ನಮ್ಮ ಇಂದುಬಾಯಿಯನ್ನು ತೋರಿಸುವುದೆಂದು ಮಾತಾಗಿತ್ತು. ಹುಡುಗಿಯ ಬೆನ್ನಿಗೇ ಮೋಟಾರೂ ಬಂದರೆ ಚಂದವೆಂದು ಅವರು ನಗುನಗುತ್ತ ಸೂಚಿಸಿದ್ದರು, ನಾನೂ ನಗುನಗುತ್ತ ಹೂಂ ಅಂದಿದ್ದೆ. ಅದಕ್ಕೇ ಅವರನ್ನು ಕರೆತರಲು ತಮ್ಮನ್ನೇ ಒಯ್ದೆ. ಅಪ್ಪ ಮಗನನ್ನು ಹತ್ತಿಸಿಕೊಂಡು ಬರುವಾಗ, ಕಾಗಲ ದಾಟಿದೊಡನೆ ತಾವು ಕಣ್ಣು ಮುಚ್ಚಿದಿರಿ. ಬಸವಣ್ಣೆಪ್ಪನವರು ಯಂತ್ರ ಬಲ್ಲವರಂತೆ ಧೋತರ ಎತ್ತಿ ಕಟ್ಟಿ, ಮಗನಿಗೆ ಮುಚ್ಚಳ ತೆಗೆದು ನೋಡಲು ಹೇಳಿ, ನಳಿಗೆಗೆ ಬಾಯಿ ಹಚ್ಚಿ ಎಳೆದರು; ಅವರಿಗೆ ಬಾಯಿ ತುಂಬ ಪೆಟ್ರೋಲು ಉಣಿಸಿ ತಾವು ಎದ್ದು ನಡೆದಿರಿ. ಇದೇ ಸತ್ಕಾರ ಊರು ಮುಟ್ಟುವವರೆಗೂ ಮತ್ತೆ ಮತ್ತೆ ನಡೆಯಿತು. ಮನೆಯಲ್ಲಿ ಆ ಹಿರಿಯರಿಗೆ ಹೋಳಿಗೆ ರುಚಿಸಲಿಲ್ಲ, ಅವರ ಹತ್ತಿರ ಬೀಡಿ ಹಚ್ಚುವ ಧೈರ್ಯ ಯಾರೂ ಮಾಡಲಿಲ್ಲ. ಇಂದುಬಾಯಿ ಚಹಾ ತಂದಿಟ್ಟು ತಲೆಬಾಗಿ ಕೂತಳು. ಅವಳತ್ತ ಒಮ್ಮೆ, ಬಾಗಿಲಾಚೆ ನಿಂತ ತಮ್ಮತ್ತ ಬಹಳ ಹೊತ್ತು ನೋಡಿ, ಅವಳು ಅಲ್ಲಿ ಕೂತಿರುವಂತೆಯೇ ಬಸವಣ್ಣೆಪ್ಪನವರು ಹೇಳಿದರು: "ಮೋಟಾರ ನೆಟ್ಟಗಿದ್ದರ ಹುಡುಗಿ ನಡೀತಿದ್ಲು ರೀ." ಹೇಳಿದವರೇ ಬಸ್ಸು ಹಿಡಿದು ಹೋದರು. ಅವರ ಮೇಲಿನ ಸಿಟ್ಟನ್ನೆಲ್ಲ ನಾನು ತಮ್ಮ ಮೇಲೆಯೇ ತೀರಿಸಿಕೊಂಡೆ.

ಮುಂದಿನ ಸೋಮವಾರ ತಮ್ಮ ಗುಟ್ಟು ಬಯಲಾಯಿತು. ನನ್ನ ಹೆಂಡತಿ ಬಾಳಕ್ಕ ವಾರವಾರವೂ ತಮಗೆ ಹಸಿ ವಿಭೂತಿ ಹಚ್ಚುವವಳು. ಉಣ್ಣುವ ಬಾಯಿಗೆ ಮೊದಲ ಮಾನವೆಂದು ಟಾಕಿಯ ಮುಚ್ಚಳಕ್ಕೆ ಮೂರು ಬೆರಳಿನಿಂದ ಧಾರಾಳವಾಗಿ ಬಳಿಯುತ್ತಿದ್ದಳು. ಅದು ಗೋಡೆಯ ಗಿಲಾವಿನ ಹಾಗೆ ಗಟ್ಟಿಯಾಗಿ ಅಂದು ಚಕ್ಕೆ ಎದ್ದಿತ್ತು, ಅವಳು ಹುಣಸೆಹಣ್ಣು ಹಾಕಿ ತಿಕ್ಕಿದರೆ ಕೆಳಗೊಂದು ಸೂಜಿಗಣ್ಣಿನಂಥ ತೂತು ಕಂಡಿತು. ಅಂದು ತಾವು ಆಜರೆಗೆ ಹೋಗಿ ಬಂದಿರಿ, ಒಮ್ಮೆಯೂ ಕೆಮ್ಮಲಿಲ್ಲ. ಪೆಟ್ರೋಲು ಕೆಳಗಿಳಿದಂತೆ ಮೇಲಿನಿಂದ ಗಾಳಿ ಒಳಗೆ ಬರಬೇಕು. ಆ ತೂತು ಮುಚ್ಚಿ ತಮ್ಮ ಉಸಿರು ಕಟ್ಟುತ್ತಿತ್ತು, ಮುಚ್ಚಳ ತೆಗೆದವರೆಲ್ಲ ತಿಳಿಯದೆಯೇ ಉಸಿರು ಕೊಡುತ್ತಿದ್ದರು. ಬಾಳಕ್ಕನ ಭಕ್ತಿಯಲ್ಲಿ ತಪ್ಪಿಲ್ಲ. ಉಣ್ಣುವ ಬಾಯಲ್ಲೇ ಮೂಗನ್ನೂ ಇಟ್ಟುಕೊಂಡು, ಅದನ್ನು ಯಾರಿಗೂ ಹೇಳದಿದ್ದುದು ತಮ್ಮ ತಪ್ಪು; ಇನ್ನು ಮುಂದೆ ಮೂಗನ್ನು ದೀಪಗಳ ನಡುವೆ, ಮಂದಿಗೆ ಕಾಣುವಂತೆ ಬೆಳೆಸಿಕೊಳ್ಳಬೇಕೆಂದು ವಿನಂತಿ.

ತಾವು ನೆಟ್ಟಗಾದ ಸುದ್ದಿ ಇಚಲಕರಂಜಿಗೆ ತಮಗಿಂತ ಜೋರಾಗಿ ಓಡಿತು. ಹುಡುಗಿ ಪಸಂದ ಇದ್ದಾಳೆಂದು ಬಸವಣ್ಣೆಪ್ಪನವರಿಂದ ಹೇಳಿಕೆ ಬಂತು. ಹಿಗ್ಗಿ ಒಳಗೆ ಹೋಗಿ ತಿಳಿಸಿದೆ. ಅಕ್ಕಿ ಆರಿಸುತ್ತಿದ್ದ ಇಂದುಬಾಯಿ ಮೊರದಿಂದ ಕಣ್ಣೆತ್ತಲಿಲ್ಲ. "ಅವರು ಪಸಂದ ಮಾಡಿದ್ದು ಮೋಟಾರ. ಅದನ್ನ ಕಳಿಸಿಕೊಡ್ರಿ ಅಪ್ಪಾ, ನಾ ಇಲ್ಲೇ ಇರತೀನಿ," ಅಂದಳು. ಬಾಳಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೋಟಾರು ಮತ್ತೆ ಕೆಟ್ಟಿದೆ, ಇನ್ನು ಯಾವ ಮಿಸ್ತ್ರಿಗೂ ಬಗ್ಗುವಂತಿಲ್ಲವೆಂದು ಅವರಿಗೆ ಹೇಳಿಕಳಿಸಿದ್ದೇನೆ. ನಂಬದೆ ನೋಡಲು ಬಂದಾರು. ಬಂದರೆ ತಾವು ದಯವಿಟ್ಟು ಒಂದು ಗೇಣೂ ಕದಲದೆ ನಿಂತು ನನ್ನ ಮಾತು ಉಳಿಸಿಕೊಡಬೇಕು. ಹೆತ್ತ ತಂದೆ ಒಲ್ಲೆ ಅನ್ನಬೇಕಾದಲ್ಲಿ ಹೂಂ ಅಂದ. ಕಾಗಲದ ಹಾದಿಯಲ್ಲಿ ಒಲ್ಲೆ ಅಂದವರು ತಾವೊಬ್ಬರೇ.

ತಮಗೆ ಬೈದ ಬೈಗುಳಗಳನ್ನು ಹಿಂದಕ್ಕೆ ಪಡೆಯುತ್ತಿರುವ
ತಮ್ಮ ವಿಶ್ವಾಸಿ,
ಭೀಮಗೊಂಡ

ತಾ.ಕ.: ಬಸವಣ್ಣೆಪ್ಪನವರು ಉತ್ತೂರಿನಲ್ಲೂ ಒಂದು ಸಂಬಂಧ ಕೇಳಿದ್ದಾರಂತೆ. ಹುಡುಗಿಯ ಹೆಸರು ಇನ್ನೂ ಕೇಳಿಲ್ಲ, ಮೋಟಾರು ಯಾವ ಸಾಲಿನದೆಂದು ವಿಚಾರಿಸಿದ್ದಾರೆ. ಅಲ್ಲಿ ತಮ್ಮ ಬಳಗದವರು ಯಾರಾದರೂ ಇದ್ದರೆ ಒಂದು ಮಾತು ಹೇಳಿಡಬೇಕು.