ಸ್ನಾನ ಮಾಡಿದ ಅವರೆಕಾಯಿ

ಚನ್ನರಾಯಪಟ್ಟಣದ ಭಾನುವಾರದ ರೈತ ಸಂತೆಯಲ್ಲಿ ತನ್ನ ಮೇಜಿನಷ್ಟು ಚೊಕ್ಕಟವಾದ ಮೇಜು ಇನ್ನೊಂದಿರಬಾರದು ಎಂದು ಕನಕಲಕ್ಷ್ಮಿ ತುಳಸಿಗೆ ದೀಪ ಹಚ್ಚುತ್ತಲೇ ಪಣ ತೊಟ್ಟಳು. ಒಂಬತ್ತು ಗಂಟೆಗೆಲ್ಲ ಖಾಲಿ ಚೀಲ ಮಡಚಿಕೊಂಡು ಬರುವುದಾಗಿ ಗಂಡನಿಗೂ ಸಾರಿದಳು. ಸಂಪತ್ಕುಮಾರ ಮೇಷ್ಟ್ರು ಮೂವತ್ತು ವರ್ಷ ಸಂಸಾರ ಮಾಡಿದವರು. ಪೇಪರಿನಿಂದ ತಲೆ ಎತ್ತಲಿಲ್ಲ.

ಆ ಸಂತೆಯಲ್ಲಿ ಹಳ್ಳಿಯ ಒಂದೊಂದು ರೈತರ ಮನೆಗೆ ಮಾರಾಟದಲ್ಲಿ ಪೇಟೆಯ ಒಂದೊಂದು ಮನೆ ಜೊತೆ. ಕನಕಲಕ್ಷ್ಮಿಗೆ ಜೊತೆಯಾದವಳು ದಂಡಿಗನಹಳ್ಳಿಯ ದೊಡ್ಡತಾಯಮ್ಮ. ಮೂರು ವಾರ ಹನ್ನೊಂದು ಗಂಟೆಯೊಳಗೆ ಮೇಜು ಖಾಲಿಯಾದರೆ ಜಾಗ ಕಾಯಂ, ಇಲ್ಲವಾದರೆ ಸರದಿಯಲ್ಲಿ ನಿಂತ ಇನ್ನೊಬ್ಬರಿಗೆ. ದೊಡ್ಡತಾಯಮ್ಮನೇ ಮುಂದೆ ನಿಂತು ಮಾರಿ ಎರಡು ವಾರ ದಾಟಿಸಿದ್ದಳು. ಮೂರನೆಯ ವಾರಕ್ಕೆ ಸರಿಯಾಗಿ ದೊಡ್ಡತಾಯಮ್ಮನ ಹಸುವಿಗೆ ದಿನ ತುಂಬಿತು. ಶನಿವಾರ ಸಂಜೆ ಒಂದು ಚೀಲ ಅವರೆಕಾಯಿ ಜಗಲಿಗಿಳಿಸಿ, "ಹಸ ಈಯಂಗದೆ, ನಾ ಬರಾದು ಹತ್ತಾಯ್ತದೆ. ಅಲ್ಲೀಗಂಟ ನನ್ ಜಾಗ ನಿನ್ ಕೈಲದೆ ಕಣವ್ವ" ಎಂದು ಹೊರಟುಹೋದಳು.

ಕನಕಲಕ್ಷ್ಮಿ ಚೀಲ ಬಿಚ್ಚಿದಳು. ಮಣ್ಣು, ಒಣಗಿದ ಎಲೆ, ಕೈಗೆ ಅಂಟುವ ಜಿಗುಟು. ಹೊರಗಿನಿಂದ ಬಂದದ್ದು ನೀರು ಕಾಣದೆ ಹೊಸಿಲು ದಾಟುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಉಪ್ಪು, ಅರಿಶಿನ ಕಲಸಿದ ನೀರಲ್ಲಿ ಒಂದು ಸಲ, ಬರೀ ನೀರಲ್ಲಿ ಎರಡು ಸಲ. ಬಾಯಲ್ಲಿ ದೇವರ ನಾಮ, ಕೈಯಲ್ಲಿ ಅವರೆಕಾಯಿ. ಆಮೇಲೆ ಮೇಷ್ಟ್ರ ಹಳೇ ಪಂಚೆಯ ಮೇಲೆ ಹರವಿ ಫ್ಯಾನ್ ಹಾಕಿದಳು. ಬೆಳಿಗ್ಗೆ ನೋಡಿದರೆ ಕಾಯಿಗಳು ಮದುವೆಗೆ ಹೊರಟವರ ಹಾಗೆ ಫಳಫಳ!

ಏಳು ಗಂಟೆಗೆ ಜನ ಬಂದರು. ಕಾಯಿ ಎತ್ತಿದರು, ಮೂಗಿಗೆ ಹಿಡಿದರು, ಇಟ್ಟರು, ಪಕ್ಕದ ರೇವಮ್ಮನ ಮೇಜಿಗೆ ನಡೆದರು. ಅಲ್ಲಿ ಮಣ್ಣು ಮೆತ್ತಿದ ಕಾಯಿಗೆ ನೂಕುನುಗ್ಗಲು. ಎಂಟಕ್ಕೆ ಕನಕಲಕ್ಷ್ಮಿ ಹೊಳೆನರಸೀಪುರದ ನರಸಿಂಹಸ್ವಾಮಿಗೆ ಒಂದು ತುಪ್ಪದ ದೀಪ ಹರಸಿಕೊಂಡಳು. ಒಂಬತ್ತಕ್ಕೆ ಅದು ಎರಡಾಯಿತು, ಒಂಬತ್ತೂವರೆಗೆ ಐದು. ಸ್ವಾಮಿ ಇನ್ನೂ ಕಾಯುತ್ತಿದ್ದ ಹಾಗಿತ್ತು.

ಕೊನೆಗೆ ರುದ್ರಯ್ಯ ಎಂಬ ಹಿರಿಯರು ಒಂದು ಕಾಯಿಯನ್ನು ಎರಡು ಸಲ ಮೂಸಿ, ಕನಿಕರದಿಂದ ಕೇಳಿದರು: "ಕಾಯೇನೋ ಚೆಂದಾಗದೆ. ಇದರ ಸೊಗಡು ಎಲ್ಲೋಯ್ತಮ್ಮ?"

ಕನಕಲಕ್ಷ್ಮಿ ತಾನೂ ಮೂಸಿದಳು. ತನ್ನ ಅಡುಗೆಮನೆಯ ಅರಿಶಿನ ಘಮ್ಮೆಂದಿತು. ಮೂವತ್ತು ವರ್ಷದಿಂದ ಸಂತೆಯಲ್ಲಿ ಮೂಸಿ ನೋಡಿ ಅವರೆಕಾಯಿ ಕೊಂಡವಳು, ಮನೆಗೆ ತಂದು ತೊಳೆದವಳು. ಈ ಸಲ ಮೂಸುವವರಿಗಿಂತ ಮೊದಲೇ ತೊಳೆದಿದ್ದಳು!

ಫ್ಲಾಸ್ಕಿನಲ್ಲಿ ಕಾಫಿ ತಂದ ಮೇಷ್ಟ್ರು ವಿಷಯ ತಿಳಿದು ಒಂದೇ ಪ್ರಶ್ನೆ ಕೇಳಿದರು. "ಕನಕ, ಬರೀ ನೀರೋ, ಎಣ್ಣೆ ಸ್ನಾನವೋ?"

"ನಗಬೇಡಿ. ಅವಳಿಗೆ ಯಾವ ಮುಖ ತೋರಿಸಲಿ ಹೇಳಿ."

ಹೇಳುವಷ್ಟರಲ್ಲಿ ದೊಡ್ಡತಾಯಮ್ಮನೇ ಬಂದಳು, ಹೆಣ್ಣುಗರು ಎಂದು ಮುಖವೆಲ್ಲ ಅರಳಿಸಿಕೊಂಡು. ತುಂಬಿದ ಮೇಜು ಕಂಡು ಮುಖ ಇಳಿಯಿತು. ಕನಕಲಕ್ಷ್ಮಿ ಅವಳ ಕೈ ಹಿಡಿದು, "ತೊಳೆದುಬಿಟ್ಟೆ ದೊಡ್ಡತಾಯಮ್ಮ. ನಿನ್ನ ಜಾಗ ನಾನೇ ಕಳೆದೆ" ಎಂದಳು.

ದೊಡ್ಡತಾಯಮ್ಮ ಒಂದು ಕಾಯಿ ಮೂಸಿದಳು. ಆಮೇಲೆ ಸೆರಗು ಸಿಕ್ಕಿಸಿ ನೆಲಕ್ಕೆ ಕೂತಳು.

"ಸಿಪ್ಪೆ ತಾನೆ ತೊಳೆದಿರಾದು? ಒಳಗಿನ ಕಾಳು ನಿನ್ ಕೈಗೆ ಸಿಕ್ಕಿಲ್ವಲ್ಲ, ಪುಣ್ಯ. ಕೂತ್ಕೊ, ಸುಲಿ."

ಕೂತರು. ಮೇಷ್ಟ್ರೂ ಕೂತರು. ತನ್ನದು ಮುಗಿಸಿದ ರೇವಮ್ಮ ಬಂದಳು, ಕಾಳು ಬೇಕಾದವರು ಕಾಯುತ್ತಾ ತಾವೇ ಸುಲಿದರು. ಕನಕಲಕ್ಷ್ಮಿ ಒಂದು ಕಣ್ಣು ಕಾಯಿಯ ಮೇಲೆ, ಇನ್ನೊಂದು ಗಡಿಯಾರದ ಮೇಲೆ ಇಟ್ಟು ಮೂರು ಹುಳವನ್ನೂ ಕಾಳೆಂದೇ ಸುಲಿದಳು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಕೊನೆಯ ಸೇರು ಕಾಳು ರುದ್ರಯ್ಯನವರ ಚೀಲ ಸೇರಿತು. ಜಾಗ ಉಳಿಯಿತು.

ಮುಂದಿನ ಶನಿವಾರ ದೊಡ್ಡತಾಯಮ್ಮ ಮತ್ತೆ ಚೀಲ ತಂದಳು. ಬಾಯಿಗೆ ದಬ್ಬಳದಲ್ಲಿ ಎರಡು ಸುತ್ತು ಹೊಲಿಗೆ ಹಾಕಿತ್ತು. ಇದನ್ನು ಸಂತೆಯಲ್ಲಿ ತಾನೇ ಬಿಚ್ಚುವುದಾಗಿ ಹೇಳಿ, ಬಗಲಿನಿಂದ ಕೆಸರು ಮೆತ್ತಿದ, ಮೊಣಕೈಯುದ್ದದ ಒಂದು ಕಂತೆ ಮೂಲಂಗಿ ತೆಗೆದು ಕನಕಲಕ್ಷ್ಮಿಯ ಮುಂದಿಟ್ಟಳು.

"ಇದು ನಿಂಗೆ ಕಣವ್ವ. ಎಷ್ಟ್ ಬೇಕಾದ್ರೂ ತೊಳ್ಕೊ."